ಐದನೆಯ ಬಾಗಿನ

ಹೊಸ ಮೊರಕ್ಕೆ ಅರಿಶಿನ ಬಳಿದು ನೆರಳಿನಲ್ಲಿ ಒಣಗಲಿಟ್ಟರೆ ಒಂದು ಹಸಿ ವಾಸನೆ ಬರುತ್ತದೆ. ಬಿದಿರಿನದು ಅರ್ಧ, ಅರಿಶಿನದ್ದು ಅರ್ಧ. ನನ್ನ ವಾರಗೆಯ ಹೆಂಗಸರಿಗೆ ಆ ವಾಸನೆಗೆ ತವರು ನೆನಪಾಗುತ್ತದಂತೆ. ನನಗೆ ಕೈಕಾಲು ತಣ್ಣಗಾಗುತ್ತವೆ. ಮೊನ್ನೆ ನೈರೋಬಿಯ ಹರ್ಲಿಂಗ್‌ಹ್ಯಾಮಿನ ಈ ಫ್ಲಾಟಿನ ಬಾಲ್ಕನಿಯಲ್ಲಿ ಮೊರಗಳನ್ನು ಸಾಲಾಗಿ ಇಟ್ಟು ಒಳಗೆ ಬಂದವಳಿಗೆ ಮತ್ತೆ ಹೊರಗೆ ಹೋಗಲು ಧೈರ್ಯ ಬರಲಿಲ್ಲ. ಮಗಳನ್ನು ಕರೆದು "ಅವನ್ನ ಸ್ವಲ್ಪ ತಿರುಗಿಸಿ ಇಡೇ" ಎಂದೆ. "ದೇ ಆರ್ ಜಸ್ಟ್ ಬಾಸ್ಕೆಟ್ಸ್, ಅಮ್ಮಾ" ಎಂದಳು ಅದಿತಿ. ನಾನೀಗ ಹೇಳುವುದು ನಡೆದ ವರ್ಷ ಅವಳಿಗೆ ಹನ್ನೊಂದು. ನಾವು ಅವಳಿಗೆ ಪೂರ್ತಿ ಹೇಳಿಲ್ಲ.

ಆಗ ನಾವು ಊರಂಚಿನ ರುಂಡಾದ ಆಚೆಗೆ, ಸುತ್ತ ಎತ್ತರದ ಬೇಲಿಯಿದ್ದ ಒಂದು ಬಡಾವಣೆಯಲ್ಲಿದ್ದೆವು. ನನ್ನ ಗಂಡ ಪ್ರಸನ್ನ ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವರು. ಮನೆಯನ್ನೂ ಬ್ಯಾಂಕೇ ಕೊಟ್ಟಿತ್ತು. ಯಾವ ಕಾಲದಲ್ಲೋ ಯಾವನೋ ಪುಣ್ಯಾತ್ಮ ಇಂಗ್ಲೆಂಡಿನ ಹಳ್ಳಿಯೊಂದನ್ನು ಬುಡಸಮೇತ ಕಿತ್ತು ತಂದು ಅಲ್ಲಿ ನೆಟ್ಟಿದ್ದ. ಇಳಿಜಾರು ಸೂರು, ಹೊಗೆಗೂಡು, ಗುಲಾಬಿಯ ಬೇಲಿ, ನಡುವೆ ಬಾತುಕೋಳಿಗಳ ಕೊಳ. ಮನೆಗಳಿಗೆ ನಂಬರಿಲ್ಲ, ಹೂವಿನ ಹೆಸರುಗಳು. ನಮ್ಮದು ಪ್ರಿಮ್‌ರೋಸ್. ಎಲ್ಲರೂ ಆ ಜಾಗವನ್ನು ವಿಲೇಜ್ ಎಂದೇ ಕರೆಯುತ್ತಿದ್ದರು. ಮದ್ದಿಗೆಂದು ಹುಡುಕಿದರೂ ಒಂದು ಹಿಡಿ ಸಗಣಿ ಸಿಗದ ಅದೆಂಥ ಹಳ್ಳಿಯೋ! ಆದರೆ ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಮಾತ್ರ ಹಳ್ಳಿಯಲ್ಲಿದ್ದ ಹಾಗೇ ಎಲ್ಲರಿಗೂ ಗೊತ್ತಿರುತ್ತಿತ್ತು. ಹಾಗಾಗಿ ಅಲ್ಲಿ ಒಬ್ಬ ಮನುಷ್ಯ ಕಾಣೆಯಾಗುವುದು ಸಾಧ್ಯವೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು.

ಗೇಟಿನ ಕಟ್ಟಳೆ ಬಿಗಿಯಾಗಿತ್ತು. ಕೆಲಸದವರು ಬೆಳಿಗ್ಗೆ ಬರುವಾಗ ತಮ್ಮ ಐಡಿ ಕಾರ್ಡನ್ನು ಕಾವಲಿನ ಮುಟುವಾನ ಕೈಗೆ ಕೊಡಬೇಕು. ಅವನು ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಅವರು ಸಂಜೆ ಹೊರಗೆ ಹೋಗುವಾಗ ಚೀಲ ತೆರೆಸಿ ನೋಡಿ ವಾಪಸು ಕೊಡುತ್ತಾನೆ. ಮನೆಯಿಂದ ಏನಾದರೂ ಒಯ್ಯುತ್ತಿದ್ದರೆ, ಅದು ಹಳೆಯ ಸ್ವೆಟರೇ ಆಗಿರಲಿ, ಮನೆಯವರು ಸಾಮಾನಿನ ಪಟ್ಟಿ ಬರೆದು ಸಹಿ ಹಾಕಿದ ಚೀಟಿ ಬೇಕು. ಚೀಟಿಯಿಲ್ಲದ್ದು ಕಳ್ಳಮಾಲು. ಆ ಆಗಸ್ಟಿನಲ್ಲಿ ಎರಡು ಮನೆಗಳಲ್ಲಿ ಸಾಮಾನು ಹೋಗಿದ್ದರಿಂದ ಕಮಿಟಿಯವರು ಇನ್ನೂ ಬಿಗಿ ಮಾಡಿದ್ದರು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿ ನೋಡುತ್ತಿದ್ದರು.

ನಮ್ಮ ಮನೆಗೆ ಬರುತ್ತಿದ್ದವಳು ರೂತ್. ಕಸರಾನಿಯಿಂದ ಎರಡು ಮಟಾಟು ಬದಲಿಸಿ ಬರುತ್ತಿದ್ದಳು. ಮಟಾಟು ಎಂದರೆ ನಮ್ಮ ಕಡೆಯ ಪ್ರೈವೇಟ್ ಬಸ್ಸಿನ ತಮ್ಮ. ಹಾಡು ಜೋರು, ಓಟ ಇನ್ನೂ ಜೋರು. ಅವಳ ಗಂಡ ಪೀಟರ್ ಅಂಥದೊಂದನ್ನು ಓಡಿಸುತ್ತಿದ್ದ. ನಾವಿಬ್ಬರೂ ಅರ್ಧ ಇಂಗ್ಲಿಷು, ಅರ್ಧ ಸ್ವಾಹಿಲಿ ಸೇರಿಸಿ ಮಾತಾಡುತ್ತಿದ್ದೆವು. ಅಲ್ಲಿನ ರೂಢಿಯಂತೆ ಅವಳು ನನ್ನನ್ನು ಮಗಳ ಹೆಸರು ಹಿಡಿದು ಮಾಮಾ ಅದಿತಿ ಎನ್ನುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹೆಂಗಸು. ಒಮ್ಮೆ "ನಾನು ಬರೋತನಕ ಕುಕ್ಕರ್ ತೆಗೀಬೇಡ" ಎಂದು ಹೇಳಿ ಪೇಟೆಗೆ ಹೋದೆ. ಸಂಜೆ ಬಂದು ನೋಡಿದರೆ ಅದಿತಿ ಒಣ ಬ್ರೆಡ್ ತಿಂದು ಕೂತಿದ್ದಾಳೆ, ಕುಕ್ಕರು ಹಾಗೇ ಇದೆ! ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಸಿಕ್ಕವರಿಗೆಲ್ಲ ಆ ಕತೆ ಹೇಳಿ ನಗಿಸಿದ್ದೆ.

ಅಲ್ಲಿ ಚಳಿಗಾಲ ಜೂನ್, ಜುಲೈಯಲ್ಲಿ. ಆ ವರ್ಷ ಚಳಿ ಹೋಗಲೇ ಇಲ್ಲ. ಜೂನಿನಲ್ಲಿ ಕವಿದ ಮೋಡ ಆಗಸ್ಟ್ ಮುಗಿಯುತ್ತ ಬಂದರೂ ಚದುರಿರಲಿಲ್ಲ. ಬೆಳಿಗ್ಗೆ ಹತ್ತರವರೆಗೆ ಮಂಜು, ಆಮೇಲೆ ಬೂದಿ ಬಣ್ಣದ ಬೆಳಕು, ನಡುನಡುವೆ ತುಂತುರು. ಗೌರಿ ಹಬ್ಬ ಬೇಗನೆ, ಆಗಸ್ಟಿನ ಕೊನೆಗೇ ಬಂತು. ಐದು ಬಾಗಿನ ಕೊಡುತ್ತೇನೆಂದು ನಾನು ಹರಕೆ ಹೊತ್ತಿದ್ದೆ. ಮೊರಗಳನ್ನು ತಂದುಕೊಟ್ಟವಳೂ ರೂತಳೇ. ಕಾಳು ಕೇರಲು ಅವರಲ್ಲೂ ಬಳಸುತ್ತಾರೆ. ನಮ್ಮದಕ್ಕಿಂತ ದುಂಡಗೆ ಇರುತ್ತದೆ. ಹಬ್ಬದ ದಿನ ನಾಲ್ವರು ಬಂದು ಬಾಗಿನ ತೆಗೆದುಕೊಂಡು ಹೋದರು. ಐದನೆಯವಳು ಕೊನೆ ಗಳಿಗೆಯಲ್ಲಿ ಮಗುವಿಗೆ ಜ್ವರವೆಂದು ಫೋನ್ ಮಾಡಿದಳು. ಹರಕೆಯ ಬಾಗಿನ, ಮರುದಿನಕ್ಕೆ ಉಳಿಸುವಂತಿಲ್ಲ. ಪಾತ್ರೆ ತೊಳೆಯುತ್ತಿದ್ದ ರೂತಳನ್ನು ನೋಡಿದೆ. ಮುತ್ತೈದೆ ತಾನೇ? ಕೈ ಒರೆಸಿಕೊಂಡು ಬಾ ಎಂದು ಕರೆದು, ಹಣೆಗೆ ಕುಂಕುಮವಿಟ್ಟು, ಮಣೆಯ ಮೇಲೆ ಕೂರಿಸಿದೆ. ಅವಳಿಗೆ ನಾಚಿಕೆ, ನಗು. ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದ ಮೊರವನ್ನು ಸೆರಗಿನಡಿ ಹಿಡಿದು ಅವಳ ಕೈಗಿತ್ತೆ.

"ಇದರೊಳಗೆ ಏನಿದೆ, ಮಾಮಾ ಅದಿತಿ?"

"ಹಾಗೆಲ್ಲ ಕೇಳಬಾರದು. ಮನೆಗೆ ಹೋಗಿ ದೀಪ ಹಚ್ಚಿ ಆಮೇಲೆ ತೆಗಿ. ದಾರೀಲಿ ಬಿಚ್ಚಬೇಡ, ಯಾರಿಗೂ ತೋರಿಸಬೇಡ."

ಅದು ನಮ್ಮ ಅಜ್ಜಿಯ ಕಟ್ಟುನಿಟ್ಟು. ಎಲ್ಲರ ಮನೆಯಲ್ಲೂ ಇರುವ ಪದ್ಧತಿಯಲ್ಲ. ನನಗೆ ಮಾತ್ರ ಅದು ಶಾಸ್ತ್ರಕ್ಕಿಂತ ಹೆಚ್ಚು.

"ಸವಾ" ಎಂದು ಒಪ್ಪಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು "ಗೇಟಿಗೆ ಚೀಟಿ?" ಎಂದು ಕೇಳಿದಳು.

"ಬಾಗಿನಕ್ಕೆ ಯಾರಾದ್ರೂ ಪಟ್ಟಿ ಬರೀತಾರಾ? ನೀನು ಹೋಗು. ನಾನು ಮುಟುವಾಗೆ ಫೋನ್ ಮಾಡ್ತೀನಿ."

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. ಹೆಗಲಿನ ವಸ್ತ್ರವನ್ನು ಮೊರದ ಮೇಲೆ ಹೊದಿಸಿಕೊಂಡು ಇಳಿದು ಹೋದಳು. ಆಗ ಮಧ್ಯಾಹ್ನ ನಾಲ್ಕು ಗಂಟೆ. ನಾನು ಫೋನ್ ಎತ್ತಿಕೊಂಡಾಗ ಮೈಸೂರಿನಿಂದ ಅಕ್ಕನ ವಿಡಿಯೋ ಕರೆ ಬಂತು. ಅವಳ ಗೌರಿಯನ್ನು ನಾನು ನೋಡಿದೆ, ನನ್ನ ಗೌರಿಯನ್ನು ಅವಳಿಗೆ ತೋರಿಸಿದೆ. ಮುಟುವಾಗೆ ಫೋನ್ ಮಾಡುವುದು ಮರೆತೇಹೋಯಿತು.

ಮರುದಿನ, ಬುಧವಾರ, ರೂತ್ ಬರಲಿಲ್ಲ. ಅವಳ ಬದಲು, ಬೇರೆ ಕೆಲಸದವರು ಯಾರೂ ಬರುವ ಮೊದಲೇ, ಪೀಟರ್ ಬಂದ. ಒಳಗೆ ಬಿಡಲಿಲ್ಲವೆಂದು ಗೇಟಿನ ಆಚೆ ನಿಂತು ನನಗೆ ಫೋನ್ ಮಾಡಿದ. "ಮಾಮಾ, ರೂತ್ ನಿಮ್ಮಲ್ಲೇ ಉಳಿದಳಾ? ನಿನ್ನೆ ಮನೆಗೆ ಬರಲಿಲ್ಲ. ಫೋನ್ ಹತ್ತುತ್ತಿಲ್ಲ." ನಾನು ಮಂಜಿನಲ್ಲೇ ಗೇಟಿಗೆ ಓಡಿದೆ. ಮುಟುವಾ ಪೆಟ್ಟಿಗೆ ತೆರೆದು ತೋರಿಸಿದ. ಖಾಲಿ ಗೂಡುಗಳ ನಡುವೆ ಒಂದೇ ಒಂದು ಕಾರ್ಡು ಉಳಿದಿತ್ತು. ಅದರೊಳಗಿಂದ ರೂತ್ ನೆಟ್ಟ ನೋಟದಲ್ಲಿ ನಮ್ಮನ್ನು ನೋಡುತ್ತಿದ್ದಳು. ಪುಸ್ತಕದಲ್ಲಿ ಅವಳು ಒಳಗೆ ಬಂದ ಸಮಯವಿತ್ತು. ಹೊರಗೆ ಹೋದ ಜಾಗ ಖಾಲಿ.

"ಕಾರ್ಡು ಇಲ್ಲಿದೆ ಅಂದರೆ ಅವಳು ಒಳಗೇ ಇದ್ದಾಳೆ" ಎಂದ ಮುಟುವಾ. 

ಆ ಮಾತು ಗಂಟೆಯೊಳಗೆ ಎಲ್ಲ ಮನೆಗಳನ್ನೂ ಮುಟ್ಟಿತು. ಪೊಲೀಸರು ಬಂದರು. ಅವರದೂ ಅದೇ ಲೆಕ್ಕಾಚಾರ: ಕಾರ್ಡು ಬಿಟ್ಟು ಯಾರೂ ಹೊರಗೆ ಹೋಗುವುದಿಲ್ಲ, ಆದ್ದರಿಂದ ಹುಡುಕಬೇಕಾದ್ದು ಒಳಗೇ. ಕೊಳಕ್ಕೆ ಉದ್ದನೆಯ ಗಳು ಹಾಕಿ ಕೆದಕಿದರು. ಕಪ್ಪು ಕೆಸರು ಮೇಲೆದ್ದು ನಾರುವ ಗುಳ್ಳೆಗಳು ಒಡೆದವು. ಬಾತುಕೋಳಿಗಳು ದಡ ಹತ್ತಿ ಗುಂಪಾಗಿ ನಿಂತವು. ಖಾಲಿ ಬಿದ್ದಿದ್ದ ಎರಡು ಮನೆಗಳ ಬೀಗ ತೆಗೆಸಿದರು. ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು ‘ಕಳ್ಳತನಕ್ಕೂ ಇದಕ್ಕೂ ಸಂಬಂಧ ಇರಬಹುದು’ ಎಂದು ಬರೆದರು. ಇನ್ನೊಬ್ಬರು ‘ಮಕ್ಕಳನ್ನು ಹೊರಗೆ ಬಿಡಬೇಡಿ’ ಎಂದು ಬರೆದರು. ಅಷ್ಟರಲ್ಲಿ ಮಕ್ಕಳೆಲ್ಲ ಮನೆಯೊಳಗೆ ಸೇರಿದ್ದರು.

ಪ್ರಸನ್ನ ಆಫೀಸಿನಿಂದ ಬೇಗ ಬಂದರು. ನಾನು ಅವರಿಗೆ ಬಾಗಿನದ ವಿಷಯ ಹೇಳಿದೆ, ಚೀಟಿ ಕೊಡದೆ ಕಳಿಸಿದ್ದನ್ನೂ ಹೇಳಿದೆ. ಅವರು ಟೈ ಬಿಚ್ಚುತ್ತಿದ್ದವರು ಹಾಗೇ ನಿಂತರು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ. ರೂಲ್ಸ್ ಬ್ರೇಕ್ ಮಾಡಿದ್ದು ನೀನು ಅಂತಾಗತ್ತೆ. ಪೊಲೀಸ್ ಸ್ಟೇಟ್‌ಮೆಂಟು, ಅದು ಇದು ಅಂತ ಎಳೀತಾರೆ. ಮುಂದಿನ ತಿಂಗಳು ನನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಇದೆ ಸುಮಾ. ಅವಳು ಸಿಗ್ತಾಳೆ, ಸುಮ್ನಿರು."

ಮದುವೆಯಾದಾಗಿನಿಂದ ಈ ಮಹಾನುಭಾವರ ಒಂದು ಮಾತನ್ನೂ ನಾನು ನೆಟ್ಟಗೆ ಕೇಳಿದವಳಲ್ಲ. ಅದೊಂದು ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವರು ಹೇಳದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಮೊರದೊಳಗೆ ಒಂದು ಬೆಳ್ಳಿಯ ಕುಂಕುಮದ ಬಟ್ಟಲನ್ನೂ ಇಟ್ಟಿದ್ದೆ. ಆ ಬಟ್ಟಲಿನ ಆಸೆಗೆ ಯಾರೋ ಅವಳನ್ನು ಏನೋ ಮಾಡಿದ್ದಾರೆ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಮಾಡಿದವನು ಹೊರಗಿನವನಲ್ಲ. ನಮ್ಮೊಂದಿಗೇ ಇದ್ದಾನೆ, ಯಾವುದೋ ಹೂವಿನ ಹೆಸರಿನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾನೆ. ದಿನಾ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದ ಎದುರುಮನೆಯ ಮುದುಕನ ಕೈಗಳನ್ನು ಆವತ್ತಿನಿಂದ ನೋಡತೊಡಗಿದೆ. ಹುಲ್ಲು ಕತ್ತರಿಸುವವನ ಬೂಟಿನ ಕೆಸರನ್ನು ನೋಡಿದೆ. ನನ್ನ ಗಂಡ ನಾಲ್ಕು ಗಂಟೆಗೆ ಎಲ್ಲಿದ್ದರೆಂದು ಕೂಡ ಒಂದು ಕ್ಷಣ ಯೋಚಿಸಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗುರುವಾರ ನೀರಿನ ಟ್ಯಾಂಕುಗಳನ್ನು ನೋಡಿರೆಂದು ಪೊಲೀಸರು ಹೇಳಿದರು. ಪ್ರತಿ ಮನೆಯ ಯಜಮಾನ ತನ್ನ ಟ್ಯಾಂಕಿನ ಮುಚ್ಚಳ ತಾನೇ ತೆಗೆಯಬೇಕು. ಪ್ರಸನ್ನ ಏಣಿ ಹತ್ತಿದರು, ನಾನು ಕೆಳಗೆ ಏಣಿ ಹಿಡಿದು ನಿಂತೆ. ಮೇಲೆ ಮುಚ್ಚಳ ಗರಗರ ತಿರುಗುವ ಸದ್ದು. ಆಮೇಲೆ ಸದ್ದಿಲ್ಲ. ಬೆಳಿಗ್ಗೆ ಅದೇ ನೀರಿನಲ್ಲಿ ಕಾಫಿ ಮಾಡಿದ್ದೆ, ದೇವರಿಗೆ ಅಭಿಷೇಕ ಮಾಡಿದ್ದೆ. ಅವರು ಯಾಕೆ ಮಾತಾಡುತ್ತಿಲ್ಲ? ನಾನು ಕಣ್ಣು ಮುಚ್ಚಿಕೊಂಡು ಏಣಿಗೆ ಹಣೆಯೊತ್ತಿದೆ. "ಏನಿಲ್ಲ" ಎಂದರು ಕೊನೆಗೆ.  ಅವತ್ತು ನಮ್ಮ ಮನೆಯಲ್ಲಿ ಯಾರೂ ನಲ್ಲಿ ತಿರುಗಿಸಲಿಲ್ಲ.

ಅದೇ ಮಧ್ಯಾಹ್ನ ಪೊಲೀಸರು ಮುಟುವಾನನ್ನು ಕರೆದುಕೊಂಡು ಹೋದರು. ಕಾರ್ಡು ಕಾಯುವವನು ಅವನು, ಕೊನೆಗೆ ಅವಳನ್ನು ನೋಡಬೇಕಾದವನೂ ಅವನೇ, ನೋಡಿಲ್ಲವೆಂದರೆ ಯಾರು ನಂಬುತ್ತಾರೆ? ಜೀಪು ಹತ್ತುವಾಗ ಅವನು ನಮ್ಮ ಕಡೆ ನೋಡಿದ. "ನಾನು ಅವಳನ್ನು ನೋಡಲೇ ಇಲ್ಲ, ಮಾಮಾ" ಎಂದ. ಅದು ನಿಜವಿರಬಹುದು ಎಂದು ಅಲ್ಲಿ ನಿಂತಿದ್ದವರಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಮುಚ್ಚಿದ ಮೊರ ಹೊತ್ತವಳು, ಚೀಟಿಯಿಲ್ಲದವಳು, ಅವನ ಎದುರು ಹೋಗಿರಲಾರಳು. ಆದರೆ ಎಲ್ಲಿಗೆ ಹೋಗಿರಬಹುದು ಎಂಬುದು ಆಗಲೂ ನನಗೆ ಹೊಳೆಯಲಿಲ್ಲ. ನಾನು ತಲೆ ತಗ್ಗಿಸಿದೆ. ಗೇಟಿನ ಆಚೆ ಪೀಟರ್ ಎರಡನೆಯ ದಿನವೂ ಅದೇ ಜಾಗದಲ್ಲಿ, ಅದೇ ನೀಲಿ ಜಾಕೆಟಿನಲ್ಲಿ ನಿಂತಿದ್ದ. ಹೆಂಡತಿ ಒಳಗಿದ್ದಾಳೆಂದು ಎಲ್ಲರೂ ಹೇಳುತ್ತಿರುವಾಗ ಅವನು ಬೇರೆಲ್ಲಿ ಹುಡುಕಲು ಹೋಗಬೇಕು?

ಶುಕ್ರವಾರ ಬೆಳಿಗ್ಗೆ ಹಿಂದಿನ ಲೇನಿನ ಲವೀನಾ ಆಂಟಿ ಬಂದರು. ಮಂಗಳೂರಿನವರು, ನೈರೋಬಿಗೆ ಬಂದು ನಲವತ್ತು ವರ್ಷವಾಗಿದೆ, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಮಕ್ಕಳ ಜೊತೆ ಕೊಂಕಣಿ, ನನ್ನ ಜೊತೆ ಕನ್ನಡ. ನಾನು ಎರಡು ದಿನದಿಂದ ಏನೂ ತಿಂದಿಲ್ಲವೆಂದು ಅದಿತಿ ಹೇಳಿದ್ದಳಂತೆ. ಡಬ್ಬಿಯಲ್ಲಿ ನೀರುದೋಸೆ ತಂದಿದ್ದರು. ದೇವರ ಮುಂದೆ ಇನ್ನೂ ವಿಸರ್ಜನೆಯಾಗದ ಗೌರಿಯನ್ನೂ, ಪಕ್ಕದಲ್ಲಿ ಚೆಲ್ಲಿದ್ದ ಅಕ್ಷತೆಯನ್ನೂ ನೋಡಿ, "ರೂತಳಿಗೂ ಕೊಟ್ಟಿದ್ಯಾ ಬಾಗಿನ?" ಎಂದು ಸುಮ್ಮನೆ ಕೇಳಿದರು. ಅಷ್ಟೇ ಸಾಕಾಯಿತು. ನಾನು ಅವರ ಮಡಿಲಿಗೆ ಬಿದ್ದು ಎಲ್ಲ ಹೇಳಿಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ತೋಳು ಹಿಡಿದು ಎಬ್ಬಿಸಿದರು.

"ಎಂಥ ಮಾರಾಯ್ತಿ ನೀನು! ಮೂರು ದಿನದಿಂದ ಬಾಯಿ ಮುಚ್ಚಿ ಕೂತದ್ದಾ? ಕಾರ್ಡು ಬಿಟ್ಟು ಯಾರು ಹೋಗ್ತಾರೆ ಅಂತ ನಾನೂ ಸುಮ್ಮನೆ ಇದ್ದೆ. ಕೈಯಲ್ಲಿ ಸಾಮಾನು ಇದ್ರೆ ಬೇರೆ ಮಾತು. ನಮ್ಮ ಮನೆ ಹಿಂದೆ ಬೇಲಿಯಲ್ಲಿ ಒಂದು ಕಂಡಿ ಉಂಟು. ಕೆಲಸದವರಿಗೆಲ್ಲ ಗೊತ್ತುಂಟು. ನಡಿ, ಚಪ್ಪಲಿ ಹಾಕು."

ಬೇಲಿಯ ಆ ಕಂಡಿ ಒಬ್ಬರು ಅಡ್ಡವಾಗಿ ನುಸುಳುವಷ್ಟಿತ್ತು. ಆಚೆಗೆ ಇಳಿಜಾರು, ಕಾಲುದಾರಿ, ಕೆಳಗೆ ಮಳೆಯಿಂದ ಮೈದುಂಬಿದ ತೊರೆ. ಮಂಜು ತೊರೆಯ ಮೇಲೆ ಕೂತಿತ್ತು. ನೀರು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಕೆಂಪು ಮಣ್ಣು ಸಾಬೂನಿನ ಹಾಗೆ ಜಾರುತ್ತಿತ್ತು. ಆಂಟಿ ಮುಂದೆ, ನಾನು ಹಿಂದೆ, ಗಿಡಗಳನ್ನು ಹಿಡಿದುಕೊಂಡು ಇಳಿದೆವು. ಅರ್ಧ ದಾರಿಯಲ್ಲಿ ಮಣ್ಣಿನಲ್ಲಿ ಏನೋ ಹಸಿರಾಗಿ ಹೊಳೆಯಿತು. ಬಗ್ಗಿ ನೋಡಿದೆ. ಗಾಜಿನ ಬಳೆಯ ಚೂರು. ಒಂದಲ್ಲ, ಡಜನ್ನು ಬಳೆಗಳು ಪುಡಿಪುಡಿಯಾಗಿ ಕೆಳಗಿನವರೆಗೂ ಚೆಲ್ಲಿದ್ದವು. ಅವನ್ನು ಆರಿಸಿ ದಾರ ಕಟ್ಟಿದವಳು ನಾನೇ.  "ಕೆಳಗೆ ನೋಡ್ಬೇಡ, ನನ್ನ ಬೆನ್ನು ನೋಡಿಕೊಂಡು ಬಾ" ಎಂದರು ಆಂಟಿ.  ನೀರಿನ ಅಂಚಿನ ಪೊದೆಯೊಂದಕ್ಕೆ ಒಂದು ಮೊರ ಸಿಕ್ಕಿಕೊಂಡಿತ್ತು, ಬೋರಲಾಗಿ. ಅದನ್ನು ಎತ್ತಿ ನೋಡುವ ಎದೆ ಇಬ್ಬರಿಗೂ ಇರಲಿಲ್ಲ. ಕೊನೆಗೆ ಆಂಟಿ ಶಿಲುಬೆಯ ಗುರುತು ಮಾಡಿಕೊಂಡು ಎತ್ತಿದರು. ಅಡಿಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಆಗ ಆಚೆ ದಡದಿಂದ ಯಾರೋ ಕೂಗಿದರು. ಅಲ್ಲೊಂದು ಸಸಿ ಮಾರುವ ನರ್ಸರಿ. ಹೂಗಿಡಗಳಿಗೆ ನೀರು ಹಾಕುತ್ತಿದ್ದ ಹೆಂಗಸು ನಮ್ಮ ಕೈಯ ಮೊರ ನೋಡಿ ಪೈಪು ಬಿಟ್ಟು ದಡಕ್ಕೆ ಬಂದಳು. ಲವೀನಾ ಆಂಟಿಯ ಸ್ವಾಹಿಲಿ ನನ್ನದರ ಹಾಗಲ್ಲ. ಇಬ್ಬರೂ ನೀರಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದರು. ಆಂಟಿ ನನ್ನ ಕಡೆ ತಿರುಗಿದಾಗ ಅವರ ಕನ್ನಡಕದ ತುಂಬ ನೀರಿತ್ತು.

"ಜೀವ ಉಂಟಂತೆ. ಮಂಗಳವಾರವೇ ಇವರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಹಾಕಿದ್ದಂತೆ. ತಲೆಗೆ ಪೆಟ್ಟು, ಕಾಲು ಮುರಿದಿದೆ, ಪ್ರಜ್ಞೆ ಇಲ್ಲ. ಹೆಸರು ಬರೆಸ್ಲಿಕ್ಕೆ ಕಾರ್ಡು ಹುಡುಕಿದ್ರಂತೆ, ಸಿಗ್ಲಿಲ್ಲ."

ಕಾರ್ಡು ನಮ್ಮ ಗೇಟಿನ ಪೆಟ್ಟಿಗೆಯಲ್ಲಿತ್ತು. ಅದು ಅಲ್ಲಿರುವುದರಿಂದ ಅವಳೂ ಇಲ್ಲೇ ಇದ್ದಾಳೆಂದು ನಾವು ನೀರಿನ ಟ್ಯಾಂಕುಗಳಲ್ಲಿ ಇಣುಕುತ್ತಿದ್ದಾಗ, ರೂತ್ ಹೆಸರಿಲ್ಲದ ಹೆಂಗಸಾಗಿ ವಾರ್ಡಿನ ಮೂಲೆಯಲ್ಲಿ ಮಲಗಿದ್ದಳು. ನಾನು ಬುಧವಾರವೇ ಬಾಯಿ ಬಿಟ್ಟಿದ್ದರೆ ಬುಧವಾರವೇ ಸಿಗುತ್ತಿದ್ದಳು.

ನಾನು ಗೇಟಿಗೆ ಹೋಗಿ ಮೊದಲು ಪೀಟರ್‌ಗೆ ಹೇಳಿದೆ. ಆಮೇಲೆ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಮುಟುವಾ ಹೊರಗೆ ಬಂದ. ಪೋಲೆ, ತಪ್ಪಾಯಿತು ಎಂದು ಅವನಿಗೆ ಹೇಳಿದಾಗ ಅವನು ತಲೆಯಾಡಿಸಿದ, ಅಷ್ಟೇ. ವಾರದೊಳಗೆ ಬೇರೆ ಕಡೆ ಕೆಲಸ ಹಿಡಿದು ಹೋದ. ಪರ್ಮಿಟ್ಟಿಗೆ ಏನೂ ಆಗಲಿಲ್ಲ, ಹೇಳಿದ ದಿನಕ್ಕೆ ಬಂತು. ಏನಾದರೂ ಆಗಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಶನಿವಾರ ಮಧ್ಯಾಹ್ನ ರೂತಳಿಗೆ ಎಚ್ಚರವಾಯಿತೆಂದು ಪೀಟರ್ ಫೋನ್ ಮಾಡಿದ. ಹೋದೆ. ತಲೆಗೆ ಬಿಳಿಯ ಪಟ್ಟಿ, ಮುಖ ಬಾತುಕೊಂಡು ಗುರುತೇ ಸಿಗುತ್ತಿರಲಿಲ್ಲ. ಪೀಟರ್ ಸ್ಟೂಲು ಬಿಟ್ಟುಕೊಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ.  ಅವಳೇ ಮೊದಲು ಮಾತಾಡಿದಳು.

"ನಾನು ಬಿಚ್ಚಲಿಲ್ಲ, ಮಾಮಾ ಅದಿತಿ."

ಗೇಟಿನ ಹತ್ತಿರ ಹೋದಳಂತೆ. ಮುಂದಿದ್ದವರ ಡಬ್ಬಿಗಳನ್ನೆಲ್ಲ ತೆಗೆಸುತ್ತಿದ್ದರಂತೆ. ಮರದ ಹಿಂದೆ ನಿಂತು ಮುಟುವಾನ ಫೋನ್ ಹೊಡೆದುಕೊಳ್ಳುತ್ತದೆಯೇ ಎಂದು ತುಂಬ ಹೊತ್ತು ಕಾದಳಂತೆ. ಹೊಡೆದುಕೊಳ್ಳಲಿಲ್ಲ. ಮೊರವನ್ನು ತೊರೆಯಾಚೆ ನರ್ಸರಿಯಲ್ಲಿ ಯಾರ ಬಳಿಯಾದರೂ ಇಟ್ಟು, ವಾಪಸು ಬಂದು, ಬರಿಗೈಯಲ್ಲಿ ಗೇಟಿನಿಂದ ಕಾರ್ಡು ತೆಗೆದುಕೊಂಡು ಹೋದರಾಯಿತು ಎಂದುಕೊಂಡಳಂತೆ. ಎರಡೂ ಕೈಯಲ್ಲಿ ಮೊರ ಹಿಡಿದಿದ್ದರಿಂದ ಜಾರಿದಾಗ ಏನನ್ನೂ ಹಿಡಿದುಕೊಳ್ಳಲಾಗಲಿಲ್ಲ.

"ನೀರಿಗೆ ಹೋಯಿತು" ಎಂದಳು. ಆಮೇಲೆ "ಅದರೊಳಗೆ ಏನಿತ್ತು?" ಎಂದು ಕೇಳಿದಳು.

ಈಗ ಹೇಳಲು ಯಾವ ಶಾಸ್ತ್ರ ಅಡ್ಡಿ? ಹೇಳಿದೆ. ಅರಿಶಿನ, ಕುಂಕುಮ, ಹಸಿರು ಬಳೆ, ಕರಿಮಣಿ. ಬಾಚಣಿಗೆ, ಕಾಡಿಗೆ, ಚಿಕ್ಕದೊಂದು ಕನ್ನಡಿ. ರವಿಕೆ ಕಣ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ಒಂದು ಬೆಳ್ಳಿಯ ಬಟ್ಟಲು. ನಾನು ಒಂದೊಂದು ಹೇಳಿದಾಗಲೂ ಅವಳು ಹೊದಿಕೆಯ ಮೇಲೆ ಒಂದೊಂದು ಬೆರಳು ಮಡಿಸುತ್ತಿದ್ದಳು. ಮುಗಿಯಿತೆಂದು ತಿಳಿದ ಮೇಲೂ ಇನ್ನೇನೋ ಇದೆಯೆಂಬಂತೆ ನನ್ನನ್ನೇ ನೋಡುತ್ತಿದ್ದಳು. ಕಿಟಕಿಯ ಬಳಿ ಪೀಟರ್ ಈ ಕಡೆ ತಿರುಗಿದ್ದ.

"ಇಷ್ಟೇನಾ?" ಎಂದಳು ರೂತ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇದೆಲ್ಲ ಒಂದು ಚೀಟಿಯಲ್ಲಿ ಹಿಡಿಯುತ್ತಿತ್ತಲ್ಲ, ಮಾಮಾ ಅದಿತಿ."